ಮಡಿವಾಳ ಹಕ್ಕಿಗೂ ತೋಟದಲ್ಲಿ ಒಂದು ಪಾಲು

ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ಶಿವಮೊಗ್ಗದ ಕೋಟೆ ಭಾಗದ ಹಿತ್ತಲುಗಳಲ್ಲೂ, ಭದ್ರಾವತಿ ಕಡೆಯ ನಾಲೆ ನೀರಿನ ಅಡಿಕೆ ತೋಟಗಳಲ್ಲೂ ಬೆಳಕು ಹರಿಯುವ ಮೊದಲೇ ಒಂದು ಇಂಪಾದ ಸಿಳ್ಳು ಕೇಳತೊಡಗುತ್ತದೆ. ಹಾಡುವುದು ಮಡಿವಾಳ ಹಕ್ಕಿ. ನಾವು ಬೆಳೆಗಾರರೆಲ್ಲರೂ ಈ ಹಾಡು ಕೇಳುತ್ತಲೇ ಬೆಳೆದವರು. ಆದರೆ ಅದು ಏನು ತಿಂದು ಬದುಕುತ್ತದೆ, ಆ ಆಹಾರ ಎಲ್ಲಿಂದ ಬರುತ್ತದೆ ಎಂದು ಯೋಚಿಸಿದವರು ಕಡಿಮೆ. ಈ ಪ್ರಶ್ನೆಗೂ ನಾವು ತೋಟದ ಕಳೆಯನ್ನು ಹೇಗೆ ತೆಗೆಸುತ್ತೇವೆ ಎಂಬುದಕ್ಕೂ ನೇರ ಸಂಬಂಧವಿದೆ. ಅದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಈ ಹಕ್ಕಿಯನ್ನು ಗುರುತಿಸಲು ದುರ್ಬೀನು ಬೇಕಿಲ್ಲ. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 20 ಸೆಂಟಿಮೀಟರ್, ಅಂದರೆ ಗೇಣಿಗಿಂತ ತುಸು ಕಡಿಮೆ. ಗಂಡಿನ ತಲೆ, ಎದೆ, ಬೆನ್ನು ಹೊಳೆಯುವ ನೀಲಿಗಪ್ಪು, ಹೊಟ್ಟೆ ಬಿಳಿ, ರೆಕ್ಕೆಯ ಮೇಲೊಂದು ಬಿಳಿ ಪಟ್ಟಿ, ಬಾಲದ ಅಂಚೂ ಬಿಳಿ. ಗಂಡಿನಲ್ಲಿ ಕಪ್ಪಿರುವ ಕಡೆ ಹೆಣ್ಣಿನಲ್ಲಿ ಬೂದು ಬಣ್ಣ. ಬಾಲವನ್ನು ನೆಟ್ಟಗೆ ಮೇಲೆತ್ತಿ ನೆಲದ ಮೇಲೆ ಕುಪ್ಪಳಿಸುವುದು ಇದರ ಲಕ್ಷಣ. ನೀರಿನ ಬಳಿ ಕಾಣುವ ಕುಂಡೆಕುಸ್ಕವೂ ಕಪ್ಪು ಬಿಳುಪಿನದೇ. ಆದರೆ ಅದರ ಹುಬ್ಬು ಬಿಳಿ, ಅದು ಕುಪ್ಪಳಿಸದೆ ಬಾಲ ಆಡಿಸುತ್ತ ಓಡಾಡುತ್ತದೆ. ಮಡಿವಾಳವನ್ನು ನೋಡಬೇಕಾದರೆ ಗೊಬ್ಬರದ ಗುಂಡಿಯ ಅಂಚು, ಬಚ್ಚಲ ನೀರು ಹರಿಯುವ ಜಾಗ, ಬಾಳೆಯ ಬುಡ, ಸೋಗೆ ಬಿದ್ದ ಕಪ್ಪು, ಇಂಥ ಕಡೆ ಬೆಳಗ್ಗೆ ಅಥವಾ ಸಂಜೆ ಮಬ್ಬಿನಲ್ಲಿ ನೋಡಬೇಕು. ಮಾರ್ಚ್‌ನಿಂದ ಜುಲೈವರೆಗೆ ಗಂಡು ಎತ್ತರದ ಕೊಂಬೆಯ ಮೇಲೋ ವಿದ್ಯುತ್ ಕಂಬದ ಮೇಲೋ ಕುಳಿತು ಹಾಡುತ್ತದೆ. ಬೇರೆ ಹಕ್ಕಿಗಳ ಕೂಗನ್ನೂ ಅನುಕರಿಸುತ್ತದೆ. ಉಳಿದ ಕಾಲದಲ್ಲಿ ಹಾಡು ಅಪರೂಪ. ಆದ್ದರಿಂದ ಹಕ್ಕಿಯೇ ಹೋಯಿತೆಂದು ತಿಳಿಯುವವರೂ ಇದ್ದಾರೆ.

ಇನ್ನು ಅದರ ಊಟದ ಮಾತು. ಮಡಿವಾಳ ಮುಖ್ಯವಾಗಿ ಹುಳುಹುಪ್ಪಟೆಯನ್ನೇ ತಿನ್ನುವ ಹಕ್ಕಿ. ಮಿಡತೆ, ದುಂಬಿ, ಇರುವೆ, ಗೆದ್ದಲು, ಎಲೆ ತಿನ್ನುವ ಹುಳು, ಜರಿ, ಎರೆಹುಳು ಇವು ಅದರ ಆಹಾರ. ಒಮ್ಮೊಮ್ಮೆ ಸಣ್ಣ ಹಲ್ಲಿಯೂ ಆಗುತ್ತದೆ. ಹಾಲುವಾಣ, ಬೂರುಗ ಹೂಬಿಟ್ಟಾಗ ಮಕರಂದ ಹೀರುವುದೂ ಉಂಟು. ಎರೆಹುಳು ನಮ್ಮ ಮಿತ್ರ, ಅದನ್ನೂ ತಿನ್ನುತ್ತದಲ್ಲ ಎಂದರೆ ನಿಜವೇ, ಆ ಖರ್ಚನ್ನೂ ಲೆಕ್ಕದಲ್ಲಿ ಬರೆಯೋಣ. ಆದರೆ ಅಡಿಕೆಗಾಗಲಿ, ಕಾಫಿಗಾಗಲಿ, ಕಾಳುಮೆಣಸಿಗಾಗಲಿ ಅದು ಕೊಕ್ಕು ಹಾಕುವುದಿಲ್ಲ.

ಮುಖ್ಯ ಮಾತೆಂದರೆ, ಈ ಆಹಾರದ ಬಹುಪಾಲು ಸಿಗುವುದು ನೆಲದಲ್ಲಿ, ತರಗೆಲೆ ಮತ್ತು ಹುಲ್ಲಿನ ನಡುವೆ. ಮಡಿವಾಳ ಮರದ ಪೊಟರೆಯಲ್ಲೋ ಗೋಡೆಯ ಸಂದಿನಲ್ಲೋ ಗೂಡು ಮಾಡಿ 3ರಿಂದ 5 ಮೊಟ್ಟೆ ಇಡುತ್ತದೆ. ಹೆಣ್ಣು 12–13 ದಿನ ಕಾವು ಕೊಟ್ಟು ಮರಿ ಮಾಡುತ್ತದೆ. ಆಮೇಲೆ ಗಂಡು ಹೆಣ್ಣು ಎರಡೂ ಸೇರಿ ಮರಿಗಳ ಬಾಯಿಗೆ ದಿನವಿಡೀ ಹುಳು ತರಬೇಕು. ಸರಿಯಾಗಿ ಇದೇ ಕಾಲದಲ್ಲಿ, ಬೇಸಿಗೆಯ ಅಡ್ಡಮಳೆಗೆ ಹುಲ್ಲು ಚಿಗುರಿತೆಂದು ನಾವು ಕಳೆನಾಶಕ ಹಿಡಿದು ಹೊರಡುತ್ತೇವೆ. ಒಂದೇ ದಿನದಲ್ಲಿ ಇಡೀ ತೋಟದ ಹಸಿರು ಸುಟ್ಟರೆ ಹುಲ್ಲಿನೊಡನೆ ಅದರಲ್ಲಿದ್ದ ಹುಳುಗಳೂ ಹೋಗುತ್ತವೆ. ಪೊಟರೆಯಲ್ಲಿ ಬಾಯಿ ತೆರೆದು ಕುಳಿತ ಮರಿಗಳಿಗೆ ಏನು ಗತಿ? ಹಕ್ಕಿಯ ಮೇಲೆ ಒಂದು ಹನಿ ವಿಷ ಬೀಳದಿದ್ದರೂ ಸಂಸಾರ ಒಡೆಯುತ್ತದೆ.

ಕಳೆ ಔಷಧಿ ಹೊಡೆಯುವವರನ್ನು ದೂರುವುದು ಸುಲಭ. ಆದರೆ ಎರಡು ಮೂರು ಎಕರೆಯ ಬೆಳೆಗಾರನ ಕಷ್ಟ ನಮಗೆ ಗೊತ್ತಿದೆ. ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಹೊಂದುವುದಿಲ್ಲ, ತೋಟದಲ್ಲಿ ಹುಲ್ಲು ಕಂಡರೆ ನೆರೆಯವರು ಸೋಮಾರಿ ಎನ್ನುತ್ತಾರೆ. ಗುಡಿಸಿದ ಅಂಗಳದಂತಿರುವ ತೋಟವೇ ಒಳ್ಳೆಯ ತೋಟವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆಯನ್ನು ಮೊದಲು ಕೀಳಬೇಕು. ಬರಿ ನೆಲ ಜೋರು ಮಳೆಗೆ ಕೊಚ್ಚಿಹೋಗುತ್ತದೆ, ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಹೊದಿಕೆಯಿರುವ ನೆಲ ತೇವ ಹಿಡಿಯುತ್ತದೆ. ಹಕ್ಕಿಗೆ ಒಳ್ಳೆಯದಾದದ್ದೇ ಇಲ್ಲಿ ಬುಡಕ್ಕೂ ಒಳ್ಳೆಯದು.

ಹಕ್ಕಿಗಳಿಂದ ಬೆಳೆಗಾರನಿಗೆ ಲಾಭವಿದೆಯೆಂಬುದು ಬರಿಯ ಮಾತಲ್ಲ. ಕಾಫಿಯ ಕಾಯಿಕೊರಕ ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಇದೇ ಹುಳುವಿನ ಬಗ್ಗೆ ಹೊರದೇಶಗಳಲ್ಲಿ ಗಿಡಗಳಿಗೆ ಬಲೆ ಕಟ್ಟಿ, ಹಕ್ಕಿ ಬಾರದಂತೆ ಮಾಡಿ ನೋಡಿದ್ದಾರೆ. ಜಮೈಕಾ ದೇಶದ ತೋಟಗಳಲ್ಲಿ ಹಕ್ಕಿಗಳು ಉಳಿಸಿಕೊಟ್ಟ ಬೆಳೆಯ ಬೆಲೆ ಹೆಕ್ಟೇರಿಗೆ ಸರಾಸರಿ 310 ಡಾಲರ್ ಎಂದು 2010ರಲ್ಲಿ ಲೆಕ್ಕ ಹಾಕಿದರು. ಕೋಸ್ಟರಿಕದಲ್ಲಿ ಹಕ್ಕಿಗಳಿದ್ದ ಕಡೆ ಕೊರಕದ ಹಾವಳಿ ಸುಮಾರು ಅರ್ಧಕ್ಕೆ ಇಳಿದಿತ್ತೆಂದು 2013ರಲ್ಲಿ ಪ್ರಕಟವಾಯಿತು. ಅಲ್ಲಿಯ ಹಕ್ಕಿಗಳು ಬೇರೆ, ನಮ್ಮವು ಬೇರೆ. ಮಡಿವಾಳ ಕಾಯಿಕೊರಕವನ್ನು ಹಿಡಿಯುತ್ತದೆಂದು ನಾವು ಹೇಳುತ್ತಿಲ್ಲ. ಹುಳು ತಿನ್ನುವ ಹಕ್ಕಿಗೆ ತೋಟದ ಆದಾಯದಲ್ಲಿ ಬೆಲೆಯಿದೆ ಎಂಬಷ್ಟನ್ನು ಇದರಿಂದ ಕಲಿಯಬಹುದು.

ನಮ್ಮ ಅಡಿಕೆಗೆ ಸಂಬಂಧಿಸಿದ ಮಾತು ಇನ್ನೂ ಹತ್ತಿರದ್ದು. ಪಕ್ಕದ ಉತ್ತರ ಕನ್ನಡದ ಅಡಿಕೆ ತೋಟಗಳನ್ನು ಅಧ್ಯಯನ ಮಾಡಿದವರು, ಅಲ್ಲಿಯ ಕಾಡಿನ ಹಕ್ಕಿಗಳಲ್ಲಿ ಶೇಕಡಾ 90ರಷ್ಟು ಜಾತಿಗಳು ಅಡಿಕೆ ಬೇಸಾಯದ ನೆಲದಲ್ಲೂ ಇವೆಯೆಂದು 2008ರಲ್ಲಿ ಬರೆದರು. ಅದಕ್ಕೆ ಕಾರಣ ತೋಟದ ನೆತ್ತಿಯ ಮೇಲಿನ ಸೊಪ್ಪಿನಬೆಟ್ಟ, ತೋಟಕ್ಕೆ ಬೀಳುವ ಸೊಪ್ಪು ದರಗು. ಹಿರಿಯರು ಹಕ್ಕಿ ಸಾಕಬೇಕೆಂದು ಹಾಗೆ ಮಾಡಲಿಲ್ಲ. ಬೇಸಾಯದ ಕ್ರಮವೇ ಹಾಗಿತ್ತು. ಗದ್ದೆ ತೆಗೆದು ಹೊಸದಾಗಿ ಅಡಿಕೆ ಇಟ್ಟ ಬಯಲಿನಲ್ಲಿ ಬೆಟ್ಟವೂ ಇಲ್ಲ, ಸೊಪ್ಪೂ ಇಲ್ಲ. ಅಂಥ ಕಡೆ ನೆಲದ ಹೊದಿಕೆಯನ್ನೂ ಕಳೆದುಕೊಂಡರೆ ಹಕ್ಕಿಗೆ ಉಳಿಯುವುದು ಬರಿ ಕಂಬದಂಥ ಮರಗಳು ಮಾತ್ರ.

ಹಕ್ಕಿಯೊಂದೇ ತೋಟವನ್ನು ಕಾಯುತ್ತದೆಂದು ಯಾರೂ ನಂಬಬಾರದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬೇಕೇ ಬೇಕು. ಮಣ್ಣಿನ ಆಳದಲ್ಲಿ ಕುಳಿತ ಬೇರುಹುಳುವಿಗೆ ಮಡಿವಾಳದ ಕೊಕ್ಕು ಎಟಕುವುದಿಲ್ಲ; ಅಗೆತ ಮಾಡಿ ಮೇಲೆ ಹಾಕಿದರೆ ಹಕ್ಕಿಗಳಿಗೆ ಸಿಕ್ಕೀತು. ಆದರೆ ಅದೇ ಬೇರುಹುಳುವಿಗೆಂದು ಹಿಂದೆ ಬುಡಬುಡಕ್ಕೆ ಹಾಕುತ್ತಿದ್ದ ಫೋರೇಟ್ ಹರಳು ಹಕ್ಕಿಗಳಿಗೆ ಕಡುವಿಷವಾಗಿತ್ತು. ಅದರ ಮಾರಾಟ ಮತ್ತು ಬಳಕೆ 2020ರ ಕೊನೆಗೆ ನಮ್ಮ ದೇಶದಲ್ಲಿ ನಿಂತಿದೆ. ಹಳೆಯ ಚೀಲ ಯಾರ ಮನೆಯ ಮೂಲೆಯಲ್ಲಾದರೂ ಉಳಿದಿದ್ದರೆ ಅದನ್ನು ತೋಟಕ್ಕೆ ತೆಗೆದುಕೊಂಡು ಹೋಗಕೂಡದು. ಹುಳು ಕಾಣುವ ಮೊದಲೇ ತಿಂಗಳ ಲೆಕ್ಕದಲ್ಲಿ ಕೀಟನಾಶಕ ಹೊಡೆಯುವ ಅಭ್ಯಾಸವನ್ನೂ ಬಿಡಬೇಕು.

ಹಾಗಾದರೆ ಮಾಡಬೇಕಾದ್ದೇನು? ನಮ್ಮ ಸಲಹೆಗಳು ನಾಲ್ಕೇ. ಒಂದು, ಮಾರ್ಚ್‌ನಿಂದ ಜುಲೈವರೆಗೆ ಇಡೀ ತೋಟವನ್ನು ಒಂದೇ ಸಲ ಬೋಳು ಮಾಡದೆ, ಸಾಲು ಬಿಟ್ಟು ಸಾಲು ಯಂತ್ರದಿಂದ ಹುಲ್ಲು ಸವರಿಸಿ, ಅದನ್ನು ಅಲ್ಲೇ ಹರಡುವುದು. ಎರಡು, ಸೋಗೆ ತರಗನ್ನು ಸುಡದೆ ಬುಡಕ್ಕೆ ಮುಚ್ಚುವುದು. ಮೂರು, ಮನೆಗೂ ದಾರಿಗೂ ಅಪಾಯವಿಲ್ಲದ ಕಡೆ ಪೊಟರೆಯಿರುವ ಒಂದು ಹಳೆಯ ಮರವನ್ನು ಉಳಿಸುವುದು. ಮರವಿಲ್ಲದಿದ್ದರೆ ತೂತು ಕೊರೆದ ಮರದ ಪೆಟ್ಟಿಗೆ ಕಟ್ಟಿದರೂ ಈ ಹಕ್ಕಿ ಗೂಡು ಮಾಡುತ್ತದೆ. ನಾಲ್ಕನೆಯದು ಸಹಕಾರ ಸಂಘಗಳಿಗೆ ಸೇರಿದ್ದು: ಕಳೆನಾಶಕದ ಡಬ್ಬಿ ಮಾರುವಷ್ಟೇ ಆಸಕ್ತಿಯಿಂದ ಹುಲ್ಲು ಸವರುವ ಯಂತ್ರವನ್ನು ಸಣ್ಣ ಹಿಡುವಳಿದಾರರಿಗೆ ಬಾಡಿಗೆಗೆ ಕೊಡುವ ಏರ್ಪಾಡು ಮಾಡಬೇಕು. ಯಂತ್ರ ಕೈಗೆಟುಕದೆ ಉಪದೇಶವೊಂದೇ ಮಾಡಿದರೆ ಫಲವಿಲ್ಲ.

ಸಾಮಾನ್ಯ ಹಕ್ಕಿ, ಎಲ್ಲಿಗೆ ಹೋಗುತ್ತದೆ ಎಂಬ ಉದಾಸೀನ ಬೇಡ. ಬಾಂಗ್ಲಾದೇಶದ ರಾಷ್ಟ್ರಪಕ್ಷಿಯಾದ ಇದೇ ಮಡಿವಾಳ, ಸಿಂಗಪುರದಲ್ಲಿ 1970ರ ದಶಕದ ಹೊತ್ತಿಗೆ ಪಂಜರದ ವ್ಯಾಪಾರಕ್ಕೂ ನೆಲೆಯ ನಾಶಕ್ಕೂ ಸಿಕ್ಕಿ ಇಲ್ಲವೆನ್ನುವಷ್ಟು ಕಡಿಮೆಯಾಗಿತ್ತು. ನಮ್ಮಲ್ಲಿ ಇನ್ನೂ ಆ ಸ್ಥಿತಿ ಬಂದಿಲ್ಲ. ಹಕ್ಕಿ ನೋಡುವುದು ಕೆಲಸವಿಲ್ಲದವರ ಹವ್ಯಾಸವೆಂದೂ ಹೇಳುವಂತಿಲ್ಲ. ಮೂಡಿಗೆರೆಯಲ್ಲಿ ಕಾಫಿ ಬೆಳೆದ ಪೂರ್ಣಚಂದ್ರ ತೇಜಸ್ವಿಯವರು ಬೆಳೆಗಾರರಾಗಿದ್ದುಕೊಂಡೇ ಕನ್ನಡಿಗರಿಗೆ ಹಕ್ಕಿಗಳನ್ನು ತೋರಿಸಿಕೊಟ್ಟರು.

ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಪ್ರತಿಯೊಬ್ಬ ಸದಸ್ಯರೂ ತಮ್ಮ ತೋಟದಲ್ಲಿ ಎಷ್ಟು ಕಡೆಯಿಂದ ಮಡಿವಾಳದ ಹಾಡು ಕೇಳುತ್ತದೆಂದು ಎಣಿಸಿ, ಜಮಾಖರ್ಚಿನ ಪುಸ್ತಕದಲ್ಲೇ ಒಂದು ಸಾಲು ಬರೆದಿಡಲಿ. ಒಂದೊಂದು ಗಂಡು ತನ್ನದೇ ಸರಹದ್ದು ಕಾಯುವುದರಿಂದ ಆ ಎಣಿಕೆ ಹೆಚ್ಚುಕಡಿಮೆ ಅಲ್ಲಿಯ ಸಂಸಾರಗಳ ಎಣಿಕೆಯೇ ಆಗುತ್ತದೆ. ಮರುವರ್ಷ ಅದೇ ತಿಂಗಳು ಮತ್ತೆ ಎಣಿಸಲಿ. ಸಂಖ್ಯೆ ಇಳಿದಿದ್ದರೆ, ಮುಂದಿನ ಡಬ್ಬಿ ಕೊಳ್ಳುವ ಮೊದಲು ಒಂದು ಗಳಿಗೆ ನಿಂತು ಯೋಚಿಸಬೇಕೆಂದು ನಮ್ಮ ಕೋರಿಕೆ.