ಸೂರು ಬಿದ್ದ ಮೇಲೆ ಬರುವ ಸರ್ಕಾರ

ಬಯಲುಸೀಮೆಗೆ ಮಳೆ ಬಂದರೆ ಹಬ್ಬ ಎಂದು ಪಟ್ಟಣದ ಪತ್ರಿಕೆಗಳು ಬರೆಯುತ್ತವೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಬಡವನಿಗೆ ಹೊಲದಲ್ಲಿ ಹಬ್ಬವಾದರೆ ಮನೆಯಲ್ಲಿ ಜಾಗರಣೆ. ಮುಗಿಲು ಕಪ್ಪಿಟ್ಟೊಡನೆ ಬೋಸಿ, ಬಕೆಟ್ಟು, ಚೊಂಬುಗಳನ್ನು ಸೋರುವ ಕಡೆಗೆಲ್ಲ ಇಟ್ಟು, ಮಕ್ಕಳನ್ನು ಒಂದು ಮೂಲೆಗೆ ಒತ್ತರಿಸಿ, ಇಡೀ ರಾತ್ರಿ ಮಾಳಿಗೆ ನೋಡುತ್ತ ಕೂರುವ ಸಂಸಾರಗಳ ಪರವಾಗಿ ನಾವು ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಸಿದ್ದಾಪುರದ ಸುತ್ತುಮುತ್ತಲ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಸೊಪ್ಪುಸದೆ, ಮಣ್ಣು, ಎಲ್ಲಕ್ಕೂ ಮೇಲೆ ಒಂದು ಪದರ ಚೌಳು ಮಣ್ಣು. ನೆನೆದ ಚೌಳು ಹಿಗ್ಗಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ನೀರನ್ನು ಕೆಳಕ್ಕೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಇಂಥ ಮನೆಯ ತಂಪು ಯಾವ ಸಾಹುಕಾರನ ಬಂಗಲೆಗೂ ಇಲ್ಲ. ಆದರೆ ಈ ಮಾಳಿಗೆ ವರ್ಷವರ್ಷವೂ ಆಳು ಬೇಡುತ್ತದೆ. ಮುಂಗಾರಿಗೆ ಮುಂಚೆ ಹುಲ್ಲು ಕಿತ್ತು ಹೊಸ ಚೌಳು ಹರಡಿ ದಮ್ಮಸು ಮಾಡಬೇಕು. ಗೆದ್ದಲು ತಿಂದ ಜಂತೆ ಬದಲಿಸಬೇಕು. ಮುಯ್ಯಾಳಿನ ಕಾಲದಲ್ಲಿ ಓಣಿಯವರೇ ಸೇರಿ ಮುಗಿಸುತ್ತಿದ್ದರು. ಈಗ ಎಣ್ಣೆ ಗಿರಣಿಯ ದಿನಗೂಲಿಯವನು ಮೂರು ದಿನ ಮಾಳಿಗೆ ಹತ್ತಿದರೆ ಮೂರು ದಿನದ ಗಂಜಿ ಹೋಯಿತು. ಮರದ ಬೆಲೆಯನ್ನಂತೂ ಕೇಳುವಂತಿಲ್ಲ.

ನೇಕಾರನ ಪಾಡು ಇನ್ನೂ ಕಷ್ಟ. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಉಟ್ಟು ಮದುವೆಗೆ ಹೋಗುವ ಮಹಾತಾಯಂದಿರು ಬಲ್ಲರೋ ಇಲ್ಲವೋ, ಗುಂಡಿ ಮಗ್ಗವೆಂದರೆ ನೆಲ ತೋಡಿ ಕಾಲಿಳಿಬಿಟ್ಟು ಕೂರುವ ಮಗ್ಗ. ಸೋರಿದ ನೀರೆಲ್ಲ ಆ ಗುಂಡಿಗೇ ಇಳಿಯುತ್ತದೆ. ಹಾಸಿನ ಮೇಲೆ ಕೆಂಪು ಮಣ್ಣಿನ ನೀರು ನಾಲ್ಕು ಹನಿ ಬಿದ್ದರೆ ಆ ಸೀರೆಯನ್ನು ಯಜಮಾನ ತೆಗೆದುಕೊಳ್ಳುವುದಿಲ್ಲ, ನೂಲಿನ ಬೆಲೆ ಮಾತ್ರ ನೇಕಾರನ ಲೆಕ್ಕಕ್ಕೆ ಹತ್ತುತ್ತದೆ. ಮುಂದುಗಡೆ ಅಂಗಡಿ, ಹಿಂದುಗಡೆ ಸಂಸಾರ ಇಟ್ಟುಕೊಂಡ ಚಿಲ್ಲರೆ ವ್ಯಾಪಾರಿಯದೂ ಇದೇ ಕಥೆ. ನೆನೆದ ಶೇಂಗಾ ಚೀಲಕ್ಕೆ ಬೂಷ್ಟು ಹಿಡಿಯಲು ಎಷ್ಟು ದಿನ ಬೇಕು?

ಸರ್ಕಾರ ಏನು ಮಾಡುತ್ತಿದೆ? ಸೂರು ಬೀಳುವುದನ್ನು ಕಾಯುತ್ತಿದೆ. 2022ರಲ್ಲಿ ಈ ಜಿಲ್ಲೆಯಲ್ಲಿ ಎಂಥ ಮಳೆ ಸುರಿಯಿತೆಂಬುದಕ್ಕೆ ವಾಣಿವಿಲಾಸ ಸಾಗರವೇ ಸಾಕ್ಷಿ. 1933ರ ನಂತರ ಮೊದಲ ಬಾರಿಗೆ ಅದು ಕೋಡಿ ಬಿದ್ದಿತು. ಅದೇ ವರ್ಷ ಕೇಂದ್ರ ಸರ್ಕಾರ ಪರಿಷ್ಕರಿಸಿದ ವಿಪತ್ತು ಪರಿಹಾರದ ದರಪಟ್ಟಿಯನ್ನು ಓದುಗರು ನೋಡಬೇಕು. ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1,20,000 ರೂಪಾಯಿ. ಭಾಗಶಃ ಹಾಳಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಅದೂ ನೂರಕ್ಕೆ ಹದಿನೈದರಷ್ಟಾದರೂ ಹಾನಿಯಾಗಿದ್ದರೆ. ಅಂಗಡಿಯ ಸಾಮಾನಿಗೆ ಆ ಪಟ್ಟಿಯಲ್ಲಿ ಕಲಮೇ ಇಲ್ಲ. ನಾಲ್ಕು ಸಾವಿರದಲ್ಲಿ ಯಾವ ಮಾಳಿಗೆ ರಿಪೇರಿಯಾಗುತ್ತದೆಂದು ದರ ಬರೆದ ಮಹನೀಯರನ್ನೇ ಕೇಳಬೇಕು.

ಬೊಕ್ಕಸದಲ್ಲಿ ಹಣವಿಲ್ಲವೆಂಬ ಮಾತನ್ನು ನಾವು ಒಪ್ಪುವುದಿಲ್ಲ. 2019ರ ಪ್ರವಾಹದ ಬಳಿಕ ರಾಜ್ಯ ಸರ್ಕಾರವೇ ತನ್ನ ಪಾಲು ಸೇರಿಸಿ ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ರೂಪಾಯಿ ಘೋಷಿಸಿತು. ಅದು ಸರಿಯಾದದ್ದೇ. ಆದರೆ ಒಳಗೆ ಮಲಗಿದವರ ಮೇಲೆ ಮಾಳಿಗೆ ಕುಸಿದ ಮೇಲೆ ಲಕ್ಷಗಟ್ಟಲೆ ಕೊಡುವ ಸರ್ಕಾರ, ಕುಸಿಯದಂತೆ ತಡೆಯಲು ಸಾವಿರಗಟ್ಟಲೆ ಕೊಡಲಾರದೆಂದರೆ ಇದೆಂಥ ಲೆಕ್ಕ?

ಹೊಸ ಮನೆಯ ಯೋಜನೆಗಳಿವೆಯಲ್ಲ ಎನ್ನುವವರಿದ್ದಾರೆ. ಇವೆ. 2016ರಲ್ಲಿ ಪ್ರಧಾನ ಮಂತ್ರಿ ಆವಾಸ್ ಯೋಜನೆ ಬಯಲುಸೀಮೆಯ ಹಳ್ಳಿಯ ಮನೆಗೆ 1,20,000 ನಿಗದಿ ಮಾಡಿತು. 2024ರಲ್ಲಿ ಯೋಜನೆಯನ್ನು ಮುಂದುವರಿಸಿದಾಗಲೂ ಅದೇ ಮೊತ್ತ. ಸಿಮೆಂಟು, ಕಬ್ಬಿಣ, ಗಾರೆಯವನ ಕೂಲಿ ಎಂಟು ವರ್ಷ ನಿಂತಲ್ಲೇ ನಿಂತಿದ್ದವೇ? ಇದಕ್ಕಿಂತ ದೊಡ್ಡ ಅನ್ಯಾಯ ಫಲಾನುಭವಿಗಳ ಆಯ್ಕೆಯಲ್ಲಿದೆ. ಆ ಯೋಜನೆಯ ಮೊದಲ ಪಟ್ಟಿ ತಯಾರಾದದ್ದು 2011ರ ಸಾಮಾಜಿಕ ಆರ್ಥಿಕ ಗಣತಿಯಿಂದ. ಆ ಗಣತಿಯ ಲೆಕ್ಕದಲ್ಲಿ ಹುಲ್ಲು, ಪ್ಲಾಸ್ಟಿಕ್ಕು, ಕೈಹೆಂಚು ಕಚ್ಚಾ. ಕಲ್ಲು, ಕಾಂಕ್ರೀಟು ಪಕ್ಕಾ. ಅವುಗಳ ಜೊತೆಗೆ ತಗಡು ಮತ್ತು ಕಲ್ನಾರು ಶೀಟೂ ಪಕ್ಕಾ! ಚಾವಣಿ ಪಕ್ಕಾ ಎಂದಾದರೆ ಹೆಸರು ಪಟ್ಟಿಯಿಂದ ಹೊರಗೆ. ಅಂದರೆ ಸೋರುವ ಮಾಳಿಗೆ ತಾಳಲಾರದೆ ವಾರದ ಕಂತಿನ ಸಾಲ ತಂದು ನಾಲ್ಕು ಶೀಟು ಹೊದಿಸಿಕೊಂಡವನು ಅಂದೇ ಸರ್ಕಾರದ ಕಣ್ಣಿಗೆ ಅನುಕೂಲಸ್ಥನಾದ. ಇನ್ನು ಆ ಕಂತಿನವರ ಕಾಟ ಎಷ್ಟಿತ್ತೆಂಬುದನ್ನು ನಾವು ಬೇರೆ ಹೇಳಬೇಕಿಲ್ಲ. ಅದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವೇ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು.

ಆ ಶೀಟಿನ ಸುಖವೆಷ್ಟು? ಚಳ್ಳಕೆರೆಯ ಚೈತ್ರ ವೈಶಾಖದಲ್ಲಿ ಅದರ ಕೆಳಗೆ ಕೂತವನು ಕಾವಲಿಯ ಮೇಲಿನ ರೊಟ್ಟಿಯಾಗುತ್ತಾನೆ. ಕಲ್ನಾರಿನ ಧೂಳು ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿ ಹೇಳಿದೆ; ಹಲವಾರು ದೇಶಗಳು ಅದನ್ನು ನಿಷೇಧಿಸಿವೆ. ನಮ್ಮಲ್ಲಿ ಹೊರದೇಶದಿಂದ ಕಲ್ನಾರು ತರಿಸಿ ಶೀಟು ಮಾಡಿ ಮಾರುವ ವ್ಯಾಪಾರ ನಿರಾತಂಕವಾಗಿ ಸಾಗಿದೆ. ಹಳೆಯ ಶೀಟನ್ನು ಒಡೆಯುವ, ಕೊರೆಯುವ ಕೂಲಿಯವನಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲ. ಅನಿವಾರ್ಯವಾದರೆ ಶೀಟನ್ನು ನೀರಿನಿಂದ ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಬೇಕೆಂದು ನಾವೇ ಹೇಳಿಬಿಡುತ್ತೇವೆ.

ಕಾಂಕ್ರೀಟು ಹಾಕಿಸುವೆನೆಂದರೆ ಅಲ್ಲಿ ತೆರಿಗೆ. 2017ರ ಜುಲೈಯಿಂದ ಎಂಟು ವರ್ಷಕ್ಕೂ ಹೆಚ್ಚು ಕಾಲ ಸಿಮೆಂಟಿನ ಮೇಲೆ ನೂರಕ್ಕೆ 28ರಂತೆ ತೆರಿಗೆ ಎತ್ತಿದರು. 2025ರ ಸೆಪ್ಟೆಂಬರಿನಲ್ಲಿ 18ಕ್ಕೆ ಇಳಿಸಿ ಉಪಕಾರವೆಂದರು. ಅರಮನೆ ಕಟ್ಟುವ ಕೋಟ್ಯಧೀಶನಿಗೂ ಬಿರುಕು ಮುಚ್ಚಲು ಎರಡು ಚೀಲ ಕೊಳ್ಳುವ ನೇಕಾರನಿಗೂ ಒಂದೇ ದರ. ಇದನ್ನು ಸಮಾನತೆಯೆಂದು ಕರೆಯುವವರೂ ಇದ್ದಾರೆ!

ಸಿದ್ದಾಪುರದ ಹೆಸರು ಲೋಕಕ್ಕೆ ಗೊತ್ತಿರುವುದು ಅಶೋಕನ ಶಾಸನದಿಂದ. 1892ರಲ್ಲಿ ರೈಸ್ ಸಾಹೇಬರು ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗರಾಮೇಶ್ವರಗಳ ಶಾಸನಗಳನ್ನು ಪತ್ತೆ ಮಾಡಿದರು. ಬ್ರಹ್ಮಗಿರಿಯ ಬಂಡೆ ಮಳೆಗೆ ನೆನೆಯಬಾರದೆಂದು ಅದಕ್ಕೊಂದು ಸೂರು ಕಟ್ಟಿಸಿದ್ದಾರೆ. ಕಟ್ಟಿಸಲಿ, ಸಂತೋಷ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಬಾಳಿದ ಕಲ್ಲಿಗೆ ದೊರೆತ ಮರ್ಯಾದೆ ಅದೇ ಬೆಟ್ಟದ ತಪ್ಪಲಿನಲ್ಲಿ ತೊಟ್ಟಿಲಲ್ಲಿ ಮಲಗಿದ ಕೂಸಿಗೆ ದೊರೆಯಬಾರದೆ?

ನಮ್ಮ ಬೇಡಿಕೆಯಲ್ಲಿ ಗೊಂದಲವಿಲ್ಲ. ಹೊಸ ಮನೆಯ ಹಣದ ಜೊತೆಗೆ ಚಾವಣಿ ರಿಪೇರಿಗೆಂದೇ ಪ್ರತ್ಯೇಕ ಮೊಬಲಗು ಬಜೆಟ್ಟಿನಲ್ಲಿ ಬರಬೇಕು, ಅದು ಮುಂಗಾರಿಗೆ ಮುಂಚೆ ಕೈಗೆ ಸೇರಬೇಕು. ತಗಡು, ಶೀಟಿನ ಮನೆಯನ್ನು ಪಕ್ಕಾ ಎಂದು ಬರೆಯುವ ಮೋಸ ನಿಲ್ಲಬೇಕು. ಮಣ್ಣಿನ ಮಾಳಿಗೆಯನ್ನೇ ಉಳಿಸಿಕೊಳ್ಳುವೆನೆನ್ನುವವನಿಗೆ ಜಂತೆಗೆ ಮರ, ಹೊರಲು ಕೂಲಿ ಸಿಗಬೇಕು. ಮನೆ ಕಂದಾಯವನ್ನು ವರ್ಷವರ್ಷ ಎಣಿಸಿಕೊಳ್ಳುವ ಪಂಚಾಯಿತಿ, ಸೋರುವ ಮನೆಗಳನ್ನೂ ಒಮ್ಮೆ ಎಣಿಸಲಿ.

ಮುಂದಿನ ಗ್ರಾಮಸಭೆಗೆ ಗಿರಣಿಯವರು, ಮಗ್ಗದವರು, ಅಂಗಡಿಯವರು ಒಟ್ಟಾಗಿ ಹೋಗಿ, ಓಣಿವಾರು ಸೋರುವ ಮನೆಗಳ ಪಟ್ಟಿ ಬರೆದು ಕೊಟ್ಟು, ನಡವಳಿ ಪುಸ್ತಕದಲ್ಲಿ ದಾಖಲು ಮಾಡಿಸಬೇಕು. ಅರ್ಜಿ ಬರೆಯಲು ಬಾರದವರಿಗೆ ನಮ್ಮ ಕಾರ್ಯಕರ್ತರು ಬರೆದು ಕೊಡುತ್ತಾರೆ. ಸ್ವೀಕೃತಿಯ ರುಜು ಹಾಕಿಸಿಕೊಳ್ಳದೆ ಯಾರೂ ಸಭೆಯಿಂದ ಏಳಬಾರದು.