ಜೂಜುವಾಡಿಯ ಗಡಿ ನೆಲದಡಿಯಲ್ಲೂ ಇದೆಯೇ? – ಹೊಸೂರು ಸೀಮೆಯ ಅಂತರ್ಜಲದ ಲೆಕ್ಕ

ಬೇಸಿಗೆ ಬಂತೆಂದರೆ ನಮ್ಮ ಗಡಿ ಊರುಗಳಲ್ಲಿ ಒಂದು ಮಾತು ತಪ್ಪದೆ ಕೇಳುತ್ತದೆ: "ಬೆಂಗಳೂರಿನವರು ನಮ್ಮ ನೀರನ್ನೆಲ್ಲ ಎಳೆದುಕೊಂಡರು." ಅತ್ತಿಬೆಲೆ, ಆನೇಕಲ್ ಕಡೆಗೆ ಹೋದರೆ ಇದೇ ಮಾತು ಹೊಸೂರಿನ ಕಾರ್ಖಾನೆಗಳ ಮೇಲೆ ತಿರುಗುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೆ ಸರ್ಕಾರವೇ ದರ ಕಟ್ಟಬೇಕಾಯಿತು. ಅದೇ ವರ್ಷ ಜೂನ್ 27ರಂದು ಹೊಸೂರಿನಲ್ಲಿ 2,000 ಎಕರೆಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಬರಲಿದೆ ಎಂದು ತಮಿಳುನಾಡಿನ ಮುಖ್ಯಮಂತ್ರಿಗಳು ವಿಧಾನಸಭೆಯಲ್ಲಿ ಘೋಷಿಸಿದರು. ಗಡಿಯ ಎರಡೂ ಬದಿಯಲ್ಲಿ ಬೇಡಿಕೆ ಏರುತ್ತಿದೆ. ಕೆಳಗೆ ಎಷ್ಟು ನೀರಿದೆ, ಅದು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ಎರಡು ಬದಿಯನ್ನೂ ಸೇರಿಸಿ ಲೆಕ್ಕ ಹಾಕಬೇಕೆಂಬ ಒತ್ತಾಯ ಮಾತ್ರ ಎಲ್ಲೂ ಕೇಳುತ್ತಿಲ್ಲ. ಈ ಬಾರಿ ಅದನ್ನೇ ಸದಸ್ಯರ ಮುಂದಿಡುತ್ತಿದ್ದೇವೆ.

ಮೊದಲು ನಮ್ಮ ಕಾಲಡಿಯ ಕಲ್ಲಿನ ವಿಷಯ. ಹೊಸೂರು, ಬಾಗಲೂರು, ಬೇರಿಕೆ, ತಳಿ, ಶೂಲಗಿರಿ ಸುತ್ತಮುತ್ತ ಇರುವುದು ಬಹುಪಾಲು ನೈಸ್ ಮತ್ತು ಗ್ರಾನೈಟ್. ಬೆಂಗಳೂರು, ಕೋಲಾರದ ಅಡಿಯಲ್ಲಿರುವುದೂ ಇದೇ ಬಗೆಯ, ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ಕಲ್ಲು. ಕೃಷ್ಣಗಿರಿ ದಾಟಿ ಧರ್ಮಪುರಿಯ ಕಡೆಗೆ ಇಳಿದಂತೆ ಅದು ಚಾರ್ನೊಕೈಟ್ ಎಂಬ ಇನ್ನೂ ಗಟ್ಟಿ ಶಿಲೆಯಾಗುತ್ತದೆ. (ಕಲ್ಕತ್ತೆಯ ಜಾಬ್ ಚಾರ್ನಾಕ್‌ನ ಗೋರಿಗೆ ಹಾಸಿದ ಕಲ್ಲು ಇದೇ ಜಾತಿಯದು, ಹೆಸರು ಬಂದದ್ದು ಅಲ್ಲಿಂದ.) ಈ ಕಲ್ಲುಗಳೊಳಗೆ ಕೆರೆಯಂತೆ ನಿಂತ ನೀರಿಲ್ಲ. ಮೇಲೆ ಶಿಥಿಲಗೊಂಡ ಪುಡಿಕಲ್ಲಿನ ಪದರವಿದೆ, ಹಿಂದಿನ ತೆರೆದ ಬಾವಿಗಳೆಲ್ಲ ಅದರಲ್ಲೇ ಇದ್ದವು. ಅದರ ಕೆಳಗೆ ಗಟ್ಟಿ ಬಂಡೆ, ಬಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಬಿರುಕು. ಸಾವಿರ ಅಡಿ ಕೊರೆಸುವವರು ಹುಡುಕುವುದು ಆ ಬಿರುಕನ್ನೇ.

ಇದರ ಜೊತೆಗೆ ಡೈಕ್ ಎನ್ನುವ ಕರಿಕಲ್ಲಿನ ಪಟ್ಟಿಗಳಿವೆ. ಕ್ವಾರಿಗಳಲ್ಲಿ ಕರಿ ಗ್ರಾನೈಟ್ ಎಂದು ಕಡಿದು ಸಾಗಿಸುವುದು ಇವನ್ನೇ. ಗೋಡೆಯಂತೆ ನಿಂತ ಈ ಪಟ್ಟಿ ಅನೇಕ ಕಡೆ ನೆಲದಡಿಯ ನೀರನ್ನು ತಡೆಯುತ್ತದೆ. ಅಂಚಿನಲ್ಲಿ ಬಿರುಕಿದ್ದರೆ ತಾನೇ ದಾರಿಯೂ ಆಗುತ್ತದೆ. ಪಕ್ಕದ ಹೊಲದಲ್ಲಿ ಎರಡು ಇಂಚು ನೀರು ಬಂದು ನಮ್ಮ ಹೊಲದಲ್ಲಿ ಬರೀ ಧೂಳು ಎದ್ದರೆ ಹಣೆಬರಹವನ್ನು ಬೈಯುತ್ತೇವೆ. ಕಾರಣ ನಡುವೆ ಹಾದುಹೋದ ಒಂದು ಡೈಕ್ ಇರಬಹುದು.

ಇಂಥ ನೆಲದ ನೀರಿನ ನಡೆಯನ್ನು ಗಣಕಯಂತ್ರದಲ್ಲಿ ಕಟ್ಟುವುದನ್ನೇ ಅಂತರ್ಜಲ ಮಾದರಿ ಎನ್ನುತ್ತಾರೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ 1980ರ ದಶಕದಲ್ಲಿ ತಂದ ಮಾಡ್‌ಫ್ಲೋ ಎಂಬ ತಂತ್ರಾಂಶ ಇಂದಿಗೂ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ನೆಲವನ್ನು ಚೌಕಚೌಕವಾಗಿ, ಪದರಪದರವಾಗಿ ಕತ್ತರಿಸಿ, ಪ್ರತಿ ಚೌಕಕ್ಕೂ ಬಂದ ಮಳೆ, ಎತ್ತಿದ ನೀರು, ಪಕ್ಕದ ಚೌಕಕ್ಕೆ ಸೋರಿದ ನೀರು ಇವುಗಳ ಜಮಾಖರ್ಚು ಬರೆಯುವುದು ಅದರ ಕೆಲಸ. ಬಂದ ಉತ್ತರವನ್ನು ಬಾವಿಗಳಲ್ಲಿ ನಿಜವಾಗಿ ಅಳೆದ ಮಟ್ಟದೊಂದಿಗೆ ತಾಳೆ ನೋಡುತ್ತಾರೆ. ತಾಳೆಯಾದರೆ "ಇನ್ನೂ ಐನೂರು ಬಾವಿ ಕೊರೆದರೆ ಏನಾದೀತು" ಎಂದು ಅದನ್ನು ಕೇಳಬಹುದು.

ಯಂತ್ರವಿಲ್ಲದೆಯೂ ಒಂದು ಸಣ್ಣ ಲೆಕ್ಕ ಹಾಕಬಹುದು. ವರ್ಷಕ್ಕೆ 800 ಮಿ.ಮೀ. ಮಳೆ ಎಂದುಕೊಳ್ಳೋಣ. ಜೇಡಿ ಕಡಿಮೆಯಿರುವ ಶಿಥಿಲ ನೈಸ್ ನೆಲದಲ್ಲಿ ಮಳೆಯ ಶೇ. 11 ಭಾಗ ಅಂತರ್ಜಲ ಸೇರುತ್ತದೆ ಎನ್ನುವುದು ಕೇಂದ್ರ ಸರ್ಕಾರದ ಅಂದಾಜು ಸಮಿತಿಯ ಸೂತ್ರ. ಅಂದರೆ 88 ಮಿ.ಮೀ. ಒಂದು ಎಕರೆಗೆ ಸುಮಾರು 3.5 ಲಕ್ಷ ಲೀಟರ್. 6,000 ಲೀಟರಿನ ಟ್ಯಾಂಕರ್ ಆದರೆ ವರ್ಷಕ್ಕೆ 60 ಲೋಡೂ ಇಲ್ಲ. ಚಾರ್ನೊಕೈಟ್ ನೆಲಕ್ಕೆ ಅದೇ ಸೂತ್ರ ಕೊಡುವುದು ಶೇ. 5, ಅಂದರೆ 27 ಲೋಡ್. ರಾಯಕೋಟೆಯ ಟೊಮ್ಯಾಟೊ, ಹೊಸೂರಿನ ಗುಲಾಬಿ, ಕೃಷ್ಣಗಿರಿಯ ಮಾವು, ಕಾರ್ಖಾನೆ, ಅಪಾರ್ಟ್‌ಮೆಂಟು ಎಲ್ಲಕ್ಕೂ ಮಳೆಯ ಲೆಕ್ಕದಲ್ಲಿ ನೆಲ ಕೊಡುವುದು ಇಷ್ಟೇ. ಕೆರೆಯಿಂದ, ಕಾಲುವೆಯಿಂದ ಇಂಗುವುದು ಇದಕ್ಕೆ ಸೇರುತ್ತದೆ. ನಮ್ಮ ಹಳೆಯ ಕೆರೆಗಳ ಬೆಲೆ ಅಲ್ಲಿದೆ.

ಲೆಕ್ಕ ಗಡಿಯಲ್ಲಿ ಕೆಡುತ್ತದೆ. ಕೇಂದ್ರ ಅಂತರ್ಜಲ ಮಂಡಳಿ 2012ರ ಪಂಚವಾರ್ಷಿಕ ಯೋಜನೆಯ ಕಾಲದಿಂದ ದೇಶದ ಜಲಧರಗಳ ನಕ್ಷೆ ತಯಾರಿಸಿ, 2023ರ ಮಾರ್ಚ್ ವೇಳೆಗೆ ಸುಮಾರು 25 ಲಕ್ಷ ಚದರ ಕಿ.ಮೀ. ಮುಗಿಸಿತು. ಅದಕ್ಕೂ ಮೊದಲು ಆಯ್ದ ಆರು ಪ್ರಾಯೋಗಿಕ ಪ್ರದೇಶಗಳಲ್ಲಿ ಒಂದು ನಮ್ಮ ತುಮಕೂರು ಜಿಲ್ಲೆಯ ಅಂಕಸಂದ್ರ, ಇನ್ನೊಂದು ತಮಿಳುನಾಡಿನ ಕಡಲೂರು ಕಡೆಯ ಕೆಳ ವೆಳ್ಳಾರು. ಹೆಲಿಕಾಪ್ಟರಿಗೆ ಉಪಕರಣ ತೂಗುಹಾಕಿ ನೆಲದಡಿಯನ್ನು ನೋಡಿದ ಕೆಲಸ ಅದು. ಒಳ್ಳೆಯ ಕೆಲಸ, ಸಂದೇಹವಿಲ್ಲ. ಆದರೆ ಆನೇಕಲ್ ಮಂಡಳಿಯ ಬೆಂಗಳೂರು ಕಚೇರಿಯ ಪಾಲು, ಹೊಸೂರು ಚೆನ್ನೈ ಕಚೇರಿಯ ಪಾಲು. ಎರಡರ ವರದಿಯೂ ರಾಜ್ಯದ ಎಲ್ಲೆಗೆ ನಿಲ್ಲುತ್ತದೆ. ಕರ್ನಾಟಕ ಅಂತರ್ಜಲವನ್ನು ತಾಲ್ಲೂಕುವಾರು ಅಂದಾಜು ಮಾಡುತ್ತದೆ, ತಮಿಳುನಾಡು ಫಿರ್ಕಾವಾರು. ಆನೇಕಲ್ ತಾಲ್ಲೂಕು ಪೂರ್ತಿ "ಅತಿಬಳಕೆ" ಎಂದು ಕೆಂಪಾಗಿ ಕಾಣುವಲ್ಲಿ ಪಕ್ಕದ ಸಣ್ಣ ಫಿರ್ಕಾ ಬೇರೆ ಬಣ್ಣ ತಳೆದರೆ, ಅದು ನೆಲದ ವ್ಯತ್ಯಾಸವೋ ಅಳತೆಗೋಲಿನ ವ್ಯತ್ಯಾಸವೋ ಹೇಳಲಾಗದು. ಕಾನೂನೂ ಬೇರೆ ಬೇರೆ. ಕರ್ನಾಟಕಕ್ಕೆ 2011ರ ಅಂತರ್ಜಲ ಕಾಯ್ದೆ ಇದೆ. ತಮಿಳುನಾಡು 2003ರಲ್ಲಿ ತಂದ ಕಾಯ್ದೆಯನ್ನು 2013ರಲ್ಲಿ ರದ್ದು ಮಾಡಿತು. ಕೇಂದ್ರದ ಅಟಲ್ ಭೂಜಲ ಯೋಜನೆಯ ಏಳು ರಾಜ್ಯಗಳಲ್ಲಿ ಕರ್ನಾಟಕ ಇದೆ, ತಮಿಳುನಾಡು ಇಲ್ಲ.

ಮಾದರಿ ಕಟ್ಟುವವರು ಅಂಚಿನ ಚೌಕಗಳಿಗೆ ಒಂದು ಷರತ್ತು ಬರೆಯಲೇಬೇಕು: ಇಲ್ಲಿಂದ ಆಚೆಗೆ ನೀರು ಹೋಗುತ್ತದೆಯೇ, ಬರುತ್ತದೆಯೇ, ಏನೂ ಇಲ್ಲವೇ? ನೀರು ಎರಡು ಕಡೆಗೆ ಇಳಿಯುವ ದಿಣ್ಣೆಯ ಮೇಲೆ "ಏನೂ ಇಲ್ಲ" ಎಂದು ಬರೆದರೆ ಸರಿ. ಜೂಜುವಾಡಿಯ ಚೆಕ್‌ಪೋಸ್ಟಿನ ಮೇಲೆ ಹಾಗೆ ಬರೆಯಲು ಬರುವುದಿಲ್ಲ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇವೆ. ಗಟ್ಟಿಕಲ್ಲಿನ ನಾಡಿನಲ್ಲಿ ಅಂತರ್ಜಲ ಬಹಳ ದೂರ ಓಡುವುದಿಲ್ಲ. ಆಯಾ ಹಳ್ಳಕೊಳ್ಳದ ಜಾಡಿನಲ್ಲೇ ಇರುತ್ತದೆ. ಮೆಜೆಸ್ಟಿಕ್ಕಿನಲ್ಲಿ ಕೊರೆದ ಬಾವಿ ಹೊಸೂರಿನ ನೀರು ಎಳೆಯುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಗಡಿಗಂಟಿದ ಕೆಲವು ಕಿಲೋಮೀಟರಿನ ಪಟ್ಟಿಯಲ್ಲಿ, ಅತ್ತಿಬೆಲೆ-ಜೂಜುವಾಡಿ, ಮಾಲೂರು-ಬಾಗಲೂರು ಕಡೆ, ಒಂದೇ ಹಳ್ಳದ ಎರಡು ದಡ ಎರಡು ರಾಜ್ಯದಲ್ಲಿರುವಲ್ಲಿ, ಒಬ್ಬರು ಎತ್ತಿದ್ದು ಇನ್ನೊಬ್ಬರಿಗೆ ತಟ್ಟುತ್ತದೆ. ಜಗಳ ಆಡುವುದಾದರೂ ಆ ಪಟ್ಟಿಯ ಬಗ್ಗೆ ಆಡಬೇಕು.

ಉಳಿದದ್ದು ನದಿಯ ಮೂಲಕ ಬರುವ ಸಂಬಂಧ. ನಂದಿಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆ ಹಾದು ಕೆಲವರಪಳ್ಳಿ ಜಲಾಶಯಕ್ಕೆ ಬರುತ್ತದೆ, ಅಲ್ಲಿಂದ ಕೃಷ್ಣಗಿರಿ ಅಣೆಕಟ್ಟಿಗೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ಬೆಳ್ಳಂದೂರು, ವರ್ತೂರು ಕೆರೆ ದಾಟಿ ಸೇರುವುದೂ ಈ ನದಿಯನ್ನೇ. ಕೆಲವರಪಳ್ಳಿಯ ನೊರೆ ನಮಗೆಲ್ಲ ಗೊತ್ತಿರುವುದೇ. 2018ರ ಜೂನ್‌ನಿಂದ ಆ ಕಣಿವೆಯ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡಲಾಗುತ್ತಿದೆ. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಎಂಬ ಗುರಿ. ಕೋಲಾರದಲ್ಲಿ ಬಾವಿಗಳ ಮಟ್ಟ ಏರಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಬರಗಾಲದ ಜಿಲ್ಲೆಗೆ ಅದು ನಿಜವಾದ ಲಾಭ, ಸಂತೋಷ. ಆದರೆ ಅಷ್ಟು ನೀರು ಪಿನಾಕಿನಿಯಿಂದ ಬೇರೆ ದಾರಿ ಹಿಡಿದಾಗ ಕೆಳಗಿನ ದಡದ ಬಾವಿಗಳಿಗೆ ಇಂಗುವುದು ಎಷ್ಟು ಕಡಿಮೆಯಾಯಿತು, ನೊರೆ ಎಷ್ಟು ತಗ್ಗಿತು ಎಂಬ ಎರಡನ್ನೂ ಒಂದೇ ಕಾಗದದಲ್ಲಿ ಬರೆಯಬೇಕಲ್ಲವೇ? ನದಿಯ ನೀರಿಗಾಗಿ ತಮಿಳುನಾಡು 2018ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟಿನಲ್ಲಿ ವಾದ ಮಾಡಲಿಕ್ಕಾದರೂ ಎರಡು ಕಡೆಯವರೂ ಒಪ್ಪುವ ಮಾದರಿ ಬೇಕು.

"ನಮಗೆ ಹೊಗೇನಕಲ್ ನೀರು ಬರುತ್ತದಲ್ಲ" ಎನ್ನುವ ಸದಸ್ಯರಿದ್ದಾರೆ. 2008ರಲ್ಲಿ ಆ ಯೋಜನೆಯ ಹೆಸರಿನಲ್ಲಿ ಗಡಿಯಲ್ಲಿ ಎಷ್ಟು ಬಿಸಿ ಏರಿತ್ತೆಂದು ಹಿರಿಯರಿಗೆ ನೆನಪಿದೆ. 2013ರಲ್ಲಿ ನೀರು ಬಂತು. ಅದರ ಪೂರ್ತಿ ಹೆಸರಿನಲ್ಲೇ ಫ್ಲೋರೋಸಿಸ್ ತಡೆ ಎಂದಿದೆ: ಆಳದ ಬಿರುಕಿನಲ್ಲಿ ಬಹುಕಾಲ ಕಲ್ಲಿಗೆ ತಾಗಿ ನಿಂತ ನೀರಿನಲ್ಲಿ ಫ್ಲೋರೈಡ್ ಹೆಚ್ಚುತ್ತದೆ, ಲೀಟರಿಗೆ 1.5 ಮಿ.ಗ್ರಾಂ ದಾಟಿದರೆ ಮಕ್ಕಳ ಹಲ್ಲಿನಿಂದ ತೊಂದರೆ ಶುರು. ಆ ನೀರು ಕುಡಿಯಲಿಕ್ಕೆ. ಹೊಲ, ಗುಲಾಬಿ ಶೆಡ್ಡು, ಹೊಸ ಬಡಾವಣೆಗಳು ಇಂದಿಗೂ ಕೊಳವೆಬಾವಿಯ ಮೇಲೇ ಇವೆ.

ಆದ್ದರಿಂದ ನಮ್ಮ ಬೇಡಿಕೆ ಚಿಕ್ಕದು. ಮಂಡಳಿಯ ಬೆಂಗಳೂರು, ಚೆನ್ನೈ ಕಚೇರಿಗಳು ಸೇರಿ, ದಕ್ಷಿಣ ಪಿನಾಕಿನಿಯ ಮೇಲ್ಕೊಳ್ಳಕ್ಕೆ ಒಂದೇ ಮಾದರಿ ಮಾಡಲಿ. ವಿಮಾನ ನಿಲ್ದಾಣದ ಕೆಲಸ ಶುರುವಾಗುವ ಮೊದಲೇ ಮಾಡಲಿ. ಈ ಕೋರಿಕೆಯ ಪತ್ರವನ್ನು ಕನ್ನಡ, ತಮಿಳು ಎರಡರಲ್ಲೂ ಬರೆದು ಎರಡು ಕಡೆಯ ಶಾಸಕರಿಗೂ ಕೊಡುವುದು ಸರಿ ಎಂದು ನಮಗೆ ತೋರುತ್ತದೆ.

ಮಾದರಿಗೆ ಬೇಕಾದ ಅರ್ಧ ಮಾಹಿತಿ ನಮ್ಮ ಮನೆಗಳಲ್ಲೇ ಇದೆ. ರಿಗ್ಗಿನವರು ಕೇಸಿಂಗ್ ಪೈಪನ್ನು ಗಟ್ಟಿ ಬಂಡೆ ಸಿಗುವವರೆಗೆ ಮಾತ್ರ ಇಳಿಸುತ್ತಾರೆ. ಬಿಲ್ಲಿನಲ್ಲಿ ಕೇಸಿಂಗ್ ಎಷ್ಟು ಅಡಿ ಎಂದಿದೆಯೋ ಅಲ್ಲಿ ಶಿಥಿಲ ಪದರ ಹೆಚ್ಚುಕಡಿಮೆ ಅಷ್ಟು ದಪ್ಪ. ಮುಂದಿನ ಸದಸ್ಯರ ಸಭೆಗೆ ಬರುವಾಗ ಕೊಳವೆಬಾವಿಯ ಹಳೆಯ ಬಿಲ್ಲು ತನ್ನಿ. ಬಿಲ್ಲು ಕಳೆದಿದ್ದರೆ ಕೊರೆಸಿದ ವರ್ಷ, ಕೇಸಿಂಗ್ ಎಷ್ಟು ಅಡಿ, ಎಷ್ಟನೇ ಅಡಿಗೆ ನೀರು ಬಂತು, ಎಷ್ಟು ಇಂಚು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಬತ್ತಿದ ಬಾವಿಯದೂ ಬೇಕು.