ಬೀಟ್‌ರೂಟ್ ಜ್ಯೂಸ್ ಕುಡಿದರೆ ಸಿಕಲ್ ಸೆಲ್ ವಾಸಿಯಾಗುತ್ತದೆಯೇ? ಉತ್ತರ ಇರುವುದು ಜೀವಕೋಶದೊಳಗೆ

"ರಕ್ತ ಕಡಿಮೆ ಇದೆಯೇ? ಬೀಟ್‌ರೂಟ್, ದಾಳಿಂಬೆ, ಖರ್ಜೂರ ಸೇರಿಸಿ ಜ್ಯೂಸ್ ಮಾಡಿ. ಖಾಲಿ ಹೊಟ್ಟೆಗೆ ಕುಡಿಯಿರಿ. ಎಂಥ ರಕ್ತಹೀನತೆ ಇದ್ದರೂ ಮಾಯ. ಹತ್ತು ಜನಕ್ಕೆ ಕಳಿಸಿ, ಪುಣ್ಯ ಕಟ್ಟಿಕೊಳ್ಳಿ."

ಈ ಧಾಟಿಯ ಸಂದೇಶ ಬಾರದ ವಾಟ್ಸ್‌ಆ್ಯಪ್ ಗುಂಪು ಬಹುಶಃ ಇಲ್ಲ. ಬೀಟ್‌ರೂಟ್, ದಾಳಿಂಬೆ ತಿನ್ನುವುದರಲ್ಲಿ ತಪ್ಪೇನೂ ಇಲ್ಲ. ತೊಂದರೆ ಇರುವುದು 'ಎಂಥ ರಕ್ತಹೀನತೆ ಇದ್ದರೂ' ಎಂಬ ಮಾತಿನಲ್ಲಿ. ರಕ್ತಹೀನತೆಯಲ್ಲಿ ಹಲವು ಬಗೆಗಳಿವೆ. ಅದರಲ್ಲಿ ಒಂದು ಬಗೆ ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಾಡಂಚಿನ ಹಾಡಿಗಳಿಗೆ ಹೊಸದಲ್ಲ. ಅದೇ ಸಿಕಲ್ ಸೆಲ್ ಅನೀಮಿಯಾ, ಅಂದರೆ ಕುಡುಗೋಲು ಕಣ ರಕ್ತಹೀನತೆ. ಯಾವ ಜ್ಯೂಸಿಗೂ ಇದು ಬಗ್ಗುವುದಿಲ್ಲ. ಏಕೆ ಎಂದು ತಿಳಿಯಲು ಪಿಯುಸಿ ಜೀವಶಾಸ್ತ್ರ ಪುಸ್ತಕದ 'ಜೀವಕೋಶ' ಪಾಠವನ್ನು ಒಮ್ಮೆ ತೆರೆಯಬೇಕು.

ಮೊದಲು, ಜೀವಕೋಶ ಎಂದರೆ ಏನು?

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಬೆಂಡಿನ ತೆಳು ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಜೇನುಗೂಡಿನಂಥ ಪುಟ್ಟ ಪುಟ್ಟ ಕೋಣೆಗಳು ಕಂಡವು. ಅವನ್ನು ಆತ 'ಸೆಲ್' ಎಂದು ಕರೆದ. ನಮ್ಮ ದೇಹದಲ್ಲಿ ಇಂಥ ಕೋಶಗಳು ಅಂದಾಜು 30 ಲಕ್ಷ ಕೋಟಿಗೂ ಹೆಚ್ಚಿವೆ. ಅವುಗಳಲ್ಲಿ ಬಹುಪಾಲು ಕೆಂಪು ರಕ್ತಕಣಗಳೇ.

ಸಾಮಾನ್ಯವಾಗಿ ಒಂದು ಜೀವಕೋಶದೊಳಗೆ ಇರುವುದು ಇಷ್ಟು:

• ಕೋಶಪೊರೆ: ಕೋಶದ ಸುತ್ತಲಿನ ಮೆತ್ತನೆಯ ಹೊದಿಕೆ. ಒಳಗೆ ಏನು ಬರಬೇಕು, ಹೊರಗೆ ಏನು ಹೋಗಬೇಕು ಎಂಬುದನ್ನು ಇದು ನಿಯಂತ್ರಿಸುತ್ತದೆ.

• ಕೋಶಕೇಂದ್ರ: ಇದರಲ್ಲಿ ಡಿಎನ್‌ಎ ಇರುತ್ತದೆ. ಯಾವ ಪ್ರೋಟೀನನ್ನು ಹೇಗೆ ತಯಾರಿಸಬೇಕು ಎಂಬ ಬರಹ ಅದು.

• ರೈಬೋಸೋಮ್: ಆ ಬರಹದ ನಕಲನ್ನು ಓದಿ, ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿ ಪ್ರೋಟೀನ್ ತಯಾರಿಸುತ್ತದೆ.

• ಮೈಟೊಕಾಂಡ್ರಿಯ: ಆಮ್ಲಜನಕ ಬಳಸಿ ಆಹಾರದಿಂದ ಶಕ್ತಿ ತೆಗೆಯುತ್ತದೆ.

• ಲೈಸೋಸೋಮ್: ಕೋಶದೊಳಗಿನ ಹಳೆಯ, ಕೆಟ್ಟ ಭಾಗಗಳನ್ನು ಒಡೆದು ಹಾಕುತ್ತದೆ.

ಪರೀಕ್ಷೆಗೆ ಈ ಪಟ್ಟಿಯನ್ನು ಬಾಯಿಪಾಠ ಮಾಡುತ್ತೇವೆ. ಆದರೆ ಪಟ್ಟಿಗಿಂತ ಮುಖ್ಯವಾದ ಮಾತೊಂದಿದೆ: ಕೋಶ ಹೇಗಿದೆ ಎಂಬುದೇ ಅದು ಏನು ಕೆಲಸ ಮಾಡಬಲ್ಲದು ಎಂಬುದನ್ನು ನಿರ್ಧರಿಸುತ್ತದೆ. ಇದಕ್ಕೆ ಕೆಂಪು ರಕ್ತಕಣಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕೋಶಕೇಂದ್ರವನ್ನೇ ಹೊರಹಾಕುವ ಕೋಶ

ಕೆಂಪು ರಕ್ತಕಣ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಎಳೆಯದಾಗಿದ್ದಾಗ ಅದಕ್ಕೂ ಕೋಶಕೇಂದ್ರ, ರೈಬೋಸೋಮ್, ಮೈಟೊಕಾಂಡ್ರಿಯ ಎಲ್ಲವೂ ಇರುತ್ತವೆ. ಆ ಹಂತದಲ್ಲಿ ಅದರ ಮುಖ್ಯ ಕೆಲಸ ಹಿಮೋಗ್ಲೋಬಿನ್ ಎಂಬ ಪ್ರೋಟೀನ್ ತಯಾರಿಸಿ ತುಂಬಿಕೊಳ್ಳುವುದು. ಒಂದು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿರುತ್ತವೆ. ಒಂದೊಂದು ಅಣುವೂ ನಾಲ್ಕು ಆಮ್ಲಜನಕದ ಅಣುಗಳನ್ನು ಹೊರಬಲ್ಲದು.

ಬಲಿಯುತ್ತಾ ಬಂದಂತೆ ಕಣ ತನ್ನ ಕೋಶಕೇಂದ್ರವನ್ನು ಹೊರಹಾಕುತ್ತದೆ. ಮೈಟೊಕಾಂಡ್ರಿಯ, ರೈಬೋಸೋಮ್‌ಗಳೂ ಹೋಗುತ್ತವೆ. ಉಳಿಯುವುದು ಹಿಮೋಗ್ಲೋಬಿನ್ ತುಂಬಿದ ಒಂದು ಮೆತ್ತನೆಯ ಚೀಲ. ಎರಡೂ ಕಡೆ ಬೆರಳೊತ್ತಿದ ಪೇಡದಂಥ ಆಕಾರ, 7ರಿಂದ 8 ಮೈಕ್ರೋಮೀಟರ್ ಅಗಲ. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ.

ದೇಹದ ಅತಿ ಸಣ್ಣ ರಕ್ತನಾಳಗಳಲ್ಲಿ ಕೆಲವು ಈ ಕಣಕ್ಕಿಂತಲೂ ಕಿರಿದು. ಅಲ್ಲಿ ಕಣ ಮಡಚಿಕೊಂಡು ನುಸುಳಿ, ಆಚೆ ಬಂದು ಮತ್ತೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಹೀಗೆ ಸುಮಾರು 120 ದಿನ ಓಡಾಡುತ್ತದೆ. ಕೋಶಕೇಂದ್ರ ಇಲ್ಲದ ಕಾರಣ ಆ ಅವಧಿಯಲ್ಲಿ ಹೊಸ ಪ್ರೋಟೀನ್ ತಯಾರಿಸಿ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲಾರದು. ಮಜ್ಜೆಯಲ್ಲಿ ಏನು ತುಂಬಿಕೊಂಡಿತ್ತೋ ಅದರಲ್ಲೇ ಕೊನೆಯವರೆಗೆ ಬಾಳಬೇಕು.

ಒಂದಕ್ಷರ ತಪ್ಪಿದರೆ

'ಹುಲಿ' ಎಂದು ಬರೆಯಬೇಕಾದ ಕಡೆ 'ಹುಳಿ' ಎಂದು ಬರೆದರೆ ಅರ್ಥ ಕಾಡಿನಿಂದ ಅಡುಗೆಮನೆಗೆ ಬರುತ್ತದೆ. ಸಿಕಲ್ ಸೆಲ್‌ನಲ್ಲಿ ಆಗಿರುವುದೂ ಇಂಥದೇ ಒಂದಕ್ಷರದ ತಪ್ಪು.

ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರ ಜೋಡಿಗಳಿವೆ. 11ನೇ ವರ್ಣತಂತುವಿನಲ್ಲಿ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯನ್ನು ತಯಾರಿಸುವ ಜೀನ್ ಇದೆ. ಅಲ್ಲಿ 'ಜಿಎಜಿ' ಎಂದು ಇರಬೇಕಾದ ಒಂದು ಜಾಗದಲ್ಲಿ 'ಜಿಟಿಜಿ' ಎಂದಾಗಿರುತ್ತದೆ. ಇದರಿಂದ 146 ಅಮೈನೋ ಆಮ್ಲಗಳ ಸರಪಳಿಯಲ್ಲಿ ಆರನೆಯದು ಮಾತ್ರ ಬದಲಾಗುತ್ತದೆ. ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲೀನ್ ಬರುತ್ತದೆ. ಉಳಿದ 145 ಸರಿಯಾಗಿಯೇ ಇರುತ್ತವೆ.

ಆ ಒಂದು ಬದಲಾವಣೆಯಿಂದ ಹಿಮೋಗ್ಲೋಬಿನ್ ಅಂಟುವ ಗುಣ ಪಡೆಯುತ್ತದೆ. ಆಮ್ಲಜನಕ ಇಳಿಸಿದ ಮೇಲೆ ಅಣುಗಳು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ನಾರುಗಳಾಗುತ್ತವೆ. ಆ ನಾರುಗಳು ಒಳಗಿನಿಂದ ಕೋಶಪೊರೆಯನ್ನು ಒತ್ತುತ್ತವೆ. ಪೇಡದಂತಿದ್ದ ಕಣ ರಾಗಿ ಕೊಯ್ಯುವ ಕುಡುಗೋಲಿನಂತೆ ಬಾಗಿ ಬಿರುಸಾಗುತ್ತದೆ. ಮತ್ತೆ ಆಮ್ಲಜನಕ ಸಿಕ್ಕಾಗ ಮೊದಲಿನ ಆಕಾರಕ್ಕೆ ಬರಬಹುದು. ಆದರೆ ಪದೇ ಪದೇ ಹೀಗಾದರೆ ಪೊರೆ ಕೆಟ್ಟು, ಕಣ ಕುಡುಗೋಲಾಗಿಯೇ ಉಳಿಯುತ್ತದೆ.

ಇಂಥ ಕಣಗಳನ್ನು 1910ರಲ್ಲಿ ಮೊದಲು ದಾಖಲಿಸಿದವರು ಶಿಕಾಗೋದ ವೈದ್ಯ ಜೇಮ್ಸ್ ಹೆರಿಕ್. ದೋಷ ಇರುವುದು ಹಿಮೋಗ್ಲೋಬಿನ್ ಅಣುವಿನಲ್ಲಿ ಎಂದು ಲೈನಸ್ ಪಾಲಿಂಗ್ ಮತ್ತು ಸಂಗಡಿಗರು 1949ರಲ್ಲಿ ತೋರಿಸಿದರು. ಬದಲಾಗಿರುವುದು ಒಂದೇ ಒಂದು ಅಮೈನೋ ಆಮ್ಲ ಎಂಬುದನ್ನು 1957ರಲ್ಲಿ ವರ್ನನ್ ಇಂಗ್ರಾಂ ಗುರುತಿಸಿದರು.

ದೇಹದಲ್ಲಿ ಏನಾಗುತ್ತದೆ?

ಕೆ.ಆರ್. ನಗರದ ಕಡೆ ಗದ್ದೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ದೊಡ್ಡ ನಾಲೆಯಲ್ಲಿ ಕಸ ತೇಲಿದರೂ ನೀರು ಹರಿಯುತ್ತದೆ. ಅದೇ ಕಸ ಗದ್ದೆಯ ಸಣ್ಣ ಕಾಲುವೆಗೆ ಸಿಕ್ಕಿಕೊಂಡರೆ ಮುಂದಿನ ಪೈರಿಗೆ ನೀರಿಲ್ಲ. ಬಿರುಸಾದ ಕಣಗಳು ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಂಡಾಗ ಆಚೆಯ ಭಾಗಕ್ಕೆ ಆಮ್ಲಜನಕ ಹೋಗುವುದಿಲ್ಲ. ಆಗ ಕೈಕಾಲು, ಬೆನ್ನು, ಎದೆ, ಕೀಲುಗಳಲ್ಲಿ ತಡೆಯಲಾರದ ನೋವು ಬರುತ್ತದೆ. ಪುಟ್ಟ ಮಕ್ಕಳಲ್ಲಿ ಅಂಗೈ, ಪಾದ ಊದಿಕೊಳ್ಳಬಹುದು.

ಎರಡನೆಯದು, ಈ ಕಣಗಳು 120 ದಿನ ಬಾಳುವುದಿಲ್ಲ. 10ರಿಂದ 20 ದಿನಗಳಲ್ಲೇ ಒಡೆದುಹೋಗುತ್ತವೆ. ಮಜ್ಜೆ ಎಷ್ಟು ಬೇಗ ತಯಾರಿಸಿದರೂ ಸಾಲುವುದಿಲ್ಲ. ಅದಕ್ಕೇ ರಕ್ತಹೀನತೆ, ಸುಸ್ತು, ಕಣ್ಣು ಹಳದಿಯಾಗುವುದು. ಗುಲ್ಮ ಎಂಬ ಅಂಗ ಕೆಟ್ಟು ಸೋಂಕು ತಡೆಯುವ ಶಕ್ತಿಯೂ ಕುಗ್ಗುತ್ತದೆ.

ನೀರು ಕಡಿಮೆ ಕುಡಿಯುವುದು, ಚಳಿ, ಜ್ವರ, ಮೈಮುರಿಯುವ ದುಡಿಮೆ ಇವು ನೋವನ್ನು ಕೆರಳಿಸುತ್ತವೆ. ಹಾಡಿಯಿಂದ ಬೆಳಗಿನ ಚಳಿಯಲ್ಲೇ ಜೀಪು ಹತ್ತಿ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುವವರಿಗೆ ಈ ನಾಲ್ಕೂ ಒಟ್ಟಿಗೆ ಎದುರಾಗಬಹುದು. ನೋವು ಹೊರಗೆ ಕಾಣುವುದಿಲ್ಲ. ನೋಡುವವರಿಗೆ ಅದು ಸೋಮಾರಿತನದಂತೆ ಕಾಣುತ್ತದೆ. ಶಾಲೆ ತಪ್ಪಿಸುವ ಮಗುವಿಗೂ ಇದೇ ಮಾತು ಸಿಗುತ್ತದೆ.

ಈ ಭಾಗದಲ್ಲಿ ಏಕೆ?

ದಕ್ಷಿಣ ಭಾರತದಲ್ಲಿ ಈ ಗುಣ ಇರುವುದನ್ನು 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ನೀಲಗಿರಿಯ ಬುಡಕಟ್ಟು ಜನರಲ್ಲಿ ಗುರುತಿಸಿದರು. ನೀಲಗಿರಿ, ವಯನಾಡು, ಬಂಡೀಪುರ, ನಾಗರಹೊಳೆ ಒಂದಕ್ಕೊಂದು ತಾಗಿಕೊಂಡ ಕಾಡುಗಳು. ರಾಜ್ಯದ ಗಡಿ ನಕ್ಷೆಯಲ್ಲಿದೆ, ರಕ್ತಸಂಬಂಧಗಳಿಗೆ ಆ ಗಡಿ ಇರಲಿಲ್ಲ. ನಮ್ಮ ಜೇನುಕುರುಬ, ಕಾಡುಕುರುಬ, ಯರವ, ಸೋಲಿಗ ಸಮುದಾಯಗಳಲ್ಲೂ ಈ ಗುಣ ಕಂಡುಬಂದಿದೆ.

ಇದಕ್ಕೆ ಕಾರಣ ಮಲೇರಿಯಾ. ಮಲೇರಿಯಾ ರೋಗಾಣು ಬೆಳೆಯುವುದು ಕೆಂಪು ರಕ್ತಕಣದೊಳಗೆ. ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಸಿಕಲ್ ಜೀನ್ ಪಡೆದವರ ಕಣಗಳಲ್ಲಿ ಅದು ಸರಿಯಾಗಿ ಬೆಳೆಯಲಾರದು. ಇಂಥವರಿಗೆ ಮಲೇರಿಯಾದಿಂದ ರಕ್ಷಣೆ ಇದೆ ಎಂದು 1954ರಲ್ಲಿ ಆಂಥೊನಿ ಆಲಿಸನ್ ಪೂರ್ವ ಆಫ್ರಿಕಾದ ಅಧ್ಯಯನದಿಂದ ತೋರಿಸಿದರು. ಮಲೇರಿಯಾ ಹೆಚ್ಚಿದ್ದ ಕಾಡುಗಳಲ್ಲಿ ಈ ಜೀನ್ ಇದ್ದವರು ಬದುಕುಳಿದರು, ಅದು ಮಕ್ಕಳಿಗೆ ಬಂತು. ಈಗ ಕೆಲವು ಕುಟುಂಬಗಳು ನಾಗರಹೊಳೆಯಿಂದ ಹೊರಬಂದು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿವೆ. ಕಾಡು ಬಿಟ್ಟರೂ ಜೀನ್ ಜೊತೆಗೇ ಬಂದಿದೆ. ಅದು ಯಾರ ಪಾಪದ ಫಲವೂ ಅಲ್ಲ, ಶಾಪವೂ ಅಲ್ಲ. ಒಂದು ಕಾಲಕ್ಕೆ ಜೀವ ಉಳಿಸಿದ ಗುಣ.

ಹಾಗಾದರೆ ಜ್ಯೂಸ್ ಏನು ಮಾಡುತ್ತದೆ?

ಕುಡಿದ ಜ್ಯೂಸ್ ಕರುಳಿನಲ್ಲಿ ಸಕ್ಕರೆ, ಖನಿಜ, ವಿಟಮಿನ್‌ಗಳಾಗಿ ಒಡೆಯುತ್ತದೆ. ಅವು ಮಜ್ಜೆಗೆ ಕಚ್ಚಾವಸ್ತುವಾಗಿ ಹೋಗಬಹುದು. ಆದರೆ ಕೋಶಕೇಂದ್ರದಲ್ಲಿರುವ ಬರಹವನ್ನು ತಿದ್ದುವುದಿಲ್ಲ. ಅಚ್ಚು ಸೊಟ್ಟಗಿದ್ದರೆ ಮಣ್ಣು ಎಷ್ಟು ಚೆನ್ನಾಗಿದ್ದರೂ ಇಟ್ಟಿಗೆ ಸೊಟ್ಟಗೇ ಬರುತ್ತದೆ.

ಈಗ ಓಡಾಡುವ ಇತರ ಮಾತುಗಳನ್ನೂ ನೋಡೋಣ.

ಹೇಳಿಕೆ: ರಕ್ತಹೀನತೆ ಎಂದರೆ ಕಬ್ಬಿಣಾಂಶದ ಕೊರತೆ, ಟಾನಿಕ್ ಸಾಕು.
ವಾಸ್ತವ: ಕಬ್ಬಿಣಾಂಶದ ಕೊರತೆ ಬೇರೆ, ಸಿಕಲ್ ಸೆಲ್ ಬೇರೆ. ಒಬ್ಬರಲ್ಲೇ ಎರಡೂ ಇರಬಹುದು. ಪದೇ ಪದೇ ರಕ್ತ ಹಾಕಿಸಿಕೊಂಡವರ ದೇಹದಲ್ಲಿ ಕಬ್ಬಿಣ ಹೆಚ್ಚಾಗಿ ಯಕೃತ್ತು, ಹೃದಯಕ್ಕೆ ಹಾನಿಯಾಗಬಹುದು. ಹಾಗಾಗಿ ಟಾನಿಕ್ ಶುರು ಮಾಡುವುದನ್ನೂ, ಕೊಟ್ಟ ಮಾತ್ರೆ ನಿಲ್ಲಿಸುವುದನ್ನೂ ವೈದ್ಯರೇ ಹೇಳಬೇಕು.

ಹೇಳಿಕೆ: ಇದು ಅಂಟುರೋಗ.
ವಾಸ್ತವ: ಜೊತೆಗೆ ಉಂಡರೆ, ಮಲಗಿದರೆ, ಮುಟ್ಟಿದರೆ ಬರುವುದಿಲ್ಲ. ತಂದೆ ತಾಯಿಯ ಜೀನ್ ಮೂಲಕ ಮಾತ್ರ ಬರುತ್ತದೆ.

ಹೇಳಿಕೆ: ಪರೀಕ್ಷೆಯಲ್ಲಿ 'ವಾಹಕ' ಎಂದು ಬಂದರೆ ರೋಗಿ.
ವಾಸ್ತವ: ಒಂದೇ ಸಿಕಲ್ ಜೀನ್ ಇರುವವರು ವಾಹಕರು. ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ತಂದೆ ತಾಯಿ ಇಬ್ಬರಿಂದಲೂ ಸಿಕಲ್ ಜೀನ್ ಬಂದಾಗ ಕಾಯಿಲೆ.

ಹೇಳಿಕೆ: ಇಬ್ಬರೂ ವಾಹಕರಾದರೆ ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ, ಮೊದಲನೆಯದಕ್ಕೆ ಬಂದರೆ ಉಳಿದವು ಪಾರು.
ವಾಸ್ತವ: ಪ್ರತಿ ಗರ್ಭಧಾರಣೆಯಲ್ಲೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಪ್ರತಿ ಸಲವೂ ಕಾಯಿಲೆಯ ಸಾಧ್ಯತೆ ಶೇ 25, ವಾಹಕವಾಗುವ ಸಾಧ್ಯತೆ ಶೇ 50, ಎರಡೂ ಇಲ್ಲದಿರುವ ಸಾಧ್ಯತೆ ಶೇ 25.

ಹೇಳಿಕೆ: ಇದು ಆದಿವಾಸಿಗಳಿಗೆ ಮಾತ್ರ ಬರುವ ಕಾಯಿಲೆ.
ವಾಸ್ತವ: ಪಕ್ಕದ ವಯನಾಡಿನಲ್ಲಿ ಬುಡಕಟ್ಟಿಗೆ ಸೇರದ ವಯನಾಡನ್ ಚೆಟ್ಟಿ ಸಮುದಾಯದಲ್ಲೂ ಇದೆ. ಆಫ್ರಿಕಾ, ಅರಬ್ ನಾಡುಗಳು, ಮೆಡಿಟರೇನಿಯನ್ ತೀರದ ಜನರಲ್ಲೂ ಇದೆ.

ಏನು ಮಾಡಬಹುದು?

2023ರ ಜುಲೈ 1ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಅಭಿಯಾನ ಆರಂಭಿಸಿತು. ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ರೊಳಗೆ ನಿರ್ಮೂಲನೆ ಇದರ ಗುರಿ. ತಪಾಸಣೆಗೆ ಕೆಲವು ಹನಿ ರಕ್ತ ಸಾಕು. ಮೊದಲ ಪರೀಕ್ಷೆಯಲ್ಲಿ ಸಿಕಲ್ ಹಿಮೋಗ್ಲೋಬಿನ್ ಕಂಡರೆ, ವಾಹಕರೋ ಕಾಯಿಲೆಯೋ ಎಂದು ಎಚ್‌ಪಿಎಲ್‌ಸಿಯಂಥ ಎರಡನೇ ಪರೀಕ್ಷೆಯಲ್ಲಿ ಖಚಿತಪಡಿಸುತ್ತಾರೆ. ಮದುವೆಗೆ ಮುಂಚೆ, ಇಲ್ಲವೇ ಗರ್ಭಿಣಿಯಾದ ಮೊದಲ ತಿಂಗಳುಗಳಲ್ಲಿ ಗೊತ್ತಾದರೆ ನಿರ್ಧಾರಕ್ಕೆ ಸಮಯ ಸಿಗುತ್ತದೆ.

ಕಾಯಿಲೆ ಇರುವವರಿಗೆ ಚಿಕಿತ್ಸೆ ಇದೆ. ಹೈಡ್ರಾಕ್ಸಿಯೂರಿಯ ಎಂಬ ಔಷಧ, ನಾವು ತಾಯಿಯ ಹೊಟ್ಟೆಯಲ್ಲಿದ್ದಾಗ ಇದ್ದಂಥ ಹಿಮೋಗ್ಲೋಬಿನ್ನನ್ನು ದೇಹ ಮತ್ತೆ ತಯಾರಿಸುವಂತೆ ಮಾಡುತ್ತದೆ. ಅದು ನಡುವೆ ಸೇರಿಕೊಂಡಾಗ ನಾರುಗಳು ಸುಲಭವಾಗಿ ಕಟ್ಟಿಕೊಳ್ಳುವುದಿಲ್ಲ. ಇದನ್ನು ವೈದ್ಯರ ನಿಗಾದಲ್ಲಿ, ಆಗಾಗ ರಕ್ತಪರೀಕ್ಷೆ ಮಾಡಿಸುತ್ತಾ ತೆಗೆದುಕೊಳ್ಳಬೇಕು. ಫೋಲಿಕ್ ಆಮ್ಲ, ಲಸಿಕೆ, ಸಾಕಷ್ಟು ನೀರು, ಬೆಚ್ಚಗಿರುವುದು ಇವೂ ಚಿಕಿತ್ಸೆಯ ಭಾಗವೇ. ಮಜ್ಜೆ ಕಸಿ ಕೆಲವರಿಗೆ ಸಾಧ್ಯ. ಡಿಎನ್‌ಎಯನ್ನೇ ತಿದ್ದುವ ಕ್ರಿಸ್ಪರ್ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಅನುಮತಿ ಕೊಟ್ಟಿವೆ, ಆದರೆ ಅದರ ಖರ್ಚು ಬಹಳ ದುಬಾರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸಿಕಲ್ ಸೆಲ್ ಕಾಯಿಲೆಯೂ ಇದೆ ಎಂಬುದು ಎಷ್ಟೋ ಕುಟುಂಬಗಳಿಗೆ ತಿಳಿದಿರಬೇಕಾದ ವಿಷಯ.

ಸಿಕಲ್ ಸೆಲ್ ಇರುವವರಿಗೆ ಜೋರು ಜ್ವರ, ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಗು ಇದ್ದಕ್ಕಿದ್ದಂತೆ ಬಿಳಿಚಿಕೊಂಡು ಹೊಟ್ಟೆ ಊದುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಪದೇ ಪದೇ ಮೈಕೈ ನೋವು, ಕಣ್ಣು ಹಳದಿ, ಎಷ್ಟು ಟಾನಿಕ್ ಕುಡಿದರೂ ಏರದ ಹಿಮೋಗ್ಲೋಬಿನ್ ಇದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಬಳಿ ಸಿಕಲ್ ಸೆಲ್ ಪರೀಕ್ಷೆ ಬಗ್ಗೆ ಕೇಳಿ. ಇದು ಅಂಟುರೋಗ ಅಲ್ಲ. ಜ್ಯೂಸ್ ಕುಡಿಯುವುದಾದರೆ ಕುಡಿಯಿರಿ, ಆದರೆ ಪರೀಕ್ಷೆ ಮುಂದೂಡಬೇಡಿ.